ಕೂತವರ ಎದುರಿನ ತಟ್ಟೆ

ನಾನು ಕೆಲಸ ಮಾಡುವ ರೆಸ್ಟೋರೆಂಟಿನ ಹೆಸರು ಬರೆಯುವುದಿಲ್ಲ. ಬರೆದರೆ ಬಾಯಿ ಹೊಲಸಾಗುತ್ತದೆ, ಸಾಲದ್ದಕ್ಕೆ ಈ ದೇಶದಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿ ಇನ್ನೂ ಅವರ ಕೈಯಲ್ಲಿದೆ. ಕುವೈತಿನ ಎಗೈಲಾದ ಒಂದು ಮಾಲ್‌ನ ಎರಡನೇ ಮಹಡಿ, ಸ್ಪೇನ್ ದೇಶದ ಅಡುಗೆ, ಇಷ್ಟು ಗೊತ್ತಾದರೆ ಸಾಕು. ಉಂಡ ಮನೆಯ ಜಂತೆ ಎಣಿಸುತ್ತಿದ್ದಾಳೆ ಎಂದು ಯಾರಾದರೂ ಅಂದರೆ, ನಾನು ಅಲ್ಲಿ ಉಂಡದ್ದು ಹೇಗೆ ಎಂದು ಮೊದಲು ಕೇಳಲಿ. ಪಾತ್ರೆ ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತುಕೊಂಡು, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡು, ಒಂಬತ್ತು ನಿಮಿಷದಲ್ಲಿ. ಆರು ವರ್ಷದಿಂದ ಹಾಗೆಯೇ ಉಣ್ಣುತ್ತಿದ್ದೇನೆ.

ನಾನು ಸಿಸಿಲಿಯಾ, ಊರು ಮೂಡುಬೆಳ್ಳೆ. ಗಂಡ ಯೂಜಿನ್‌ಗೆ ರಿಫೈನರಿಯಲ್ಲಿ ಕೆಲಸ, ಮನೆ ಮಂಗಫ್‌ನಲ್ಲಿ. ರೆಸ್ಟೋರೆಂಟಿನಲ್ಲಿ ನನಗೆ ಸೂಪರ್‌ವೈಸರ್ ಎಂಬ ದೊಡ್ಡ ಹೆಸರಿದೆ, ಮಾಡುವುದು ಸಣ್ಣ ಕೆಲಸ. ಕೈಯಲ್ಲಿ ಒಂದು ಟ್ಯಾಬ್, ಅದರಲ್ಲಿ ಇಪ್ಪತ್ತೆರಡು ಮೇಜುಗಳ ಚಿತ್ರ. ಆರ್ಡರ್ ಹೋದ ಕೂಡಲೇ ಮೇಜು ಹಸಿರಾಗುತ್ತದೆ, ಮೂವತ್ತೈದು ನಿಮಿಷಕ್ಕೆ ಹಳದಿ, ಐವತ್ತಕ್ಕೆ ಕೆಂಪು. ಕೆಂಪಾಯಿತೆಂದರೆ ಕೂತವರನ್ನು ಎಬ್ಬಿಸಬೇಕು. ‘ಏಳಿ’ ಎನ್ನುವ ಹಾಗಿಲ್ಲ, ಅದು ಮರ್ಯಾದೆಯಲ್ಲವಂತೆ. ‘ಮೇ ಐ?’ ಎಂದು ನಗುತ್ತ ಕೇಳಬೇಕು, ಉತ್ತರ ಬರುವ ಮುಂಚೆ ತಟ್ಟೆ ಎತ್ತಬೇಕು. ಆಮೇಲೆ ನೀರಿನ ಲೋಟ. ಅದಕ್ಕೂ ಜಗ್ಗದವರಿದ್ದರೆ ಪಕ್ಕದ ಖಾಲಿ ಮೇಜಿಗೆ ಘಾಟು ವಾಸನೆಯ ಔಷಧಿ ಹೊಡೆದು ಒರೆಸಬೇಕು. ತೊಡೆಯ ಮೇಲಿನ ಮಗು ಕೆಮ್ಮಿದರೂ ಒರೆಸುತ್ತಲೇ ಇರಬೇಕು. ಥೂ, ಇದನ್ನು ಮಾಡಿಸುವುದಕ್ಕೆ ನನಗೆ ಸಂಬಳ.

ಇಂಥ ಜಾಗದ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿರುವ ಪದ ಯಾವುದು ಗೊತ್ತೇ? ಸೋಬ್ರೆಮೇಸಾ. ಸ್ಪೇನಿನವರು ದಿನಾ ಆಡುವ ಮಾತು. ಉಂಡಾದ ಮೇಲೆ ಏಳದೆ, ಮೇಜಿನ ಸುತ್ತ ಹಾಗೇ ಕೂತು ಹರಟುವ ಹೊತ್ತಿಗೆ ಆ ಹೆಸರು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದರೆ ಇದೇ.

ಪದದ ಕೆಳಗೆ ಒಂದು ಕಥೆಯೂ ಇದೆ. ಹಿಂದೆ ಒಬ್ಬ ರಾಜ ಯುದ್ಧ ಗೆದ್ದು ಬಂದನಂತೆ, ದೊಡ್ಡ ಔತಣ ಮಾಡಿಸಿದನಂತೆ, ಮೂರು ಹಗಲು ಮೂರು ರಾತ್ರಿ ಯಾರೂ ಮೇಜು ಬಿಟ್ಟು ಏಳಲಿಲ್ಲವಂತೆ, ಆ ಖುಷಿಯಲ್ಲಿ ರಾಜನ ಬಾಯಿಂದ ಬಂದ ಪದವಂತೆ ಇದು. ಜಾಹೀರಾತು ಕಂಪನಿಯವನು ಯಾವನೋ ಕಾಫಿ ಕುಡಿಯುತ್ತ ಹೊಸೆದ ಕಥೆ. ರಾಜನಿಗೆ ಹೆಸರಿಲ್ಲ, ಊರಿಲ್ಲ. ಆದರೂ ಪ್ರತಿ ಮೇಜಿಗೂ ವೇಟರ್ ಅದನ್ನು ಹೇಳಲೇಬೇಕು ಎಂಬುದು ಕಾನೂನು.

ಆ ಕಥೆಯನ್ನು ಎಲ್ಲರಿಗಿಂತ ಚಂದ ಹೇಳುತ್ತಿದ್ದವರು ತನಿಯಪ್ಪ. ನಾನು ಹೇಳಹೊರಟಿರುವುದು ಅವರ ವಿಷಯ.

ಕಿನ್ನಿಗೋಳಿ ಕಡೆಯ ಮನುಷ್ಯ. ಸಪೂರ ದೇಹ, ಎಣ್ಣೆ ಹಾಕಿ ಬಾಚಿದ ಬಿಳಿ ಕೂದಲು, ಇಸ್ತ್ರಿ ಕೆಡದ ಅಂಗಿ. ಕುವೈತಿಗೆ ಬಂದು ಇಪ್ಪತ್ತೊಂಬತ್ತು ವರ್ಷ. ನಾನು ‘ತನಿಯಣ್ಣ’ ಎನ್ನುತ್ತಿದ್ದೆ, ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ‘ಬಾಯಮ್ಮ’ ಎನ್ನುತ್ತಿದ್ದರು. ವಯಸ್ಸಿನಲ್ಲಿ ಹದಿನಾಲ್ಕು ವರ್ಷ ದೊಡ್ಡವರಾದರೂ ಒಮ್ಮೆಯೂ ಏಕವಚನ ಬಂದದ್ದಿಲ್ಲ.

ಅವರ ಒಂದು ಹಟದಿಂದ ನನಗೆ ದಿನಾ ತಲೆನೋವು. ಮೇಜು ಕೆಂಪಾದರೂ, ಕೂತವರು ಏಳುವವರೆಗೆ ಅವರು ತಟ್ಟೆ ಮುಟ್ಟುತ್ತಿರಲಿಲ್ಲ. ಬೇರೆಯವರ ಮೇಜಿಗೆ ಎರಡು ಪಾಲು ಓಡಾಡಿ ಬಡಿಸಿಕೊಡುತ್ತಿದ್ದರು, ಬದಲಿಗೆ ಅವರ ಮೇಜಿನ ತಟ್ಟೆಯನ್ನು ಉಳಿದ ವೇಟರ್‌ಗಳು ಎತ್ತಬೇಕು. ನಾನು ಒಂದು ದಿನ ರೇಗಿದೆ.

“ಎಂತ ತನಿಯಣ್ಣ ನಿಮ್ಮದು? ಎಲ್ಲರೂ ಎತ್ತುದಿಲ್ವಾ? ನಿಮ್ಮ ಕೈಗೆ ಎಂತ ಆಗಿದೆ?”

“ಕೈಗೆ ಎಂತದೂ ಆಗ್ಲಿಲ್ಲ ಬಾಯಮ್ಮ. ನನ್ನ ಅಮ್ಮ ಹೇಳಿದ್ದುಂಟು. ಕೂತವನ ಎದುರಿನ ಎಲೆ ಎಳಿಬಾರ್ದು. ಎಳೆದ್ರೆ ಅವನ ಹೊಟ್ಟೆಯ ಶಾಪ ತಟ್ತದೆ.”

“ಇದು ಎಲೆಯಾ? ಪಿಂಗಾಣಿ ತಟ್ಟೆ ಮಾರಾಯ್ರೇ!”

“ಹೊಟ್ಟೆ ಅದೇ ಅಲ್ವಾ?”

 

ಆ ಅಮ್ಮನ ಕೆಲಸ ಮದುವೆಮನೆಗಳಲ್ಲಿ ಎಂಜಲೆಲೆ ಎತ್ತುವುದಾಗಿತ್ತು. ಪಂಕ್ತಿ ಮೇಲೆ ಪಂಕ್ತಿ ಎದ್ದು, ಬಡಿಸಿದವರೂ ಉಂಡು, ಕೊನೆಗೆ ಅಂಗಳದ ಮೂಲೆಯಲ್ಲಿ ತಾಯಿ ಮಗನಿಗೆ ಊಟ. ಅದೂ ಪೂರ್ತಿ ಅಲ್ಲ. ಅಂಗಳ ಗುಡಿಸಬೇಕು ಎಂದು ಜಗುಲಿಯಿಂದ ಯಾರಾದರೊಬ್ಬರು “ಲಕ್ಕ್, ಲಕ್ಕ್”, ಏಳು ಏಳು ಎಂದು ತುಳುವಿನಲ್ಲಿ ಕೂಗಿ ಎಬ್ಬಿಸುತ್ತಿದ್ದರು. ಬಾಯೊಳಗಿನ ತುತ್ತು ನುಂಗುತ್ತ ಏಳಬೇಕು. ಯಾವ ಜಾತಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಉಂಡ ಎಲೆ ಎತ್ತಲು ಬೇಕು, ಎಲೆಯ ಎದುರು ಕೂರಿಸಲು ಬೇಡ. ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆಯ ಮುನ್ನಾದಿನದ ರೋಸದೂಟದಲ್ಲಿ ಬೇರೆ ಥರ ಇತ್ತು ಎಂದು ಎದೆ ತಟ್ಟಿ ಹೇಳಲು ನನ್ನಿಂದಾಗದು.

ಆಮೇಲೆ ತನಿಯಣ್ಣ ಸೇರಿದ್ದು ಮಂಗಳೂರಿನ ಒಂದು ಊಟದ ಹೋಟೆಲು. ಅಲ್ಲಿ ಕೆಲಸದವರ ಊಟ ಮೂರೂವರೆಗೆ ಶುರು, ಧಣಿ ಗಲ್ಲಾದ ಮೇಲಿನ ಗಂಟೆ ಕುಟ್ಟಿದರೆ ಮುಗಿಯಿತು. ಆಮೇಲೆ ಕುವೈತಿನ ಕಾರ್ಮಿಕರ ಕ್ಯಾಂಪು. ಬೆಳಿಗ್ಗೆ ಕುಬೂಸು ರೊಟ್ಟಿ ಮುರಿದು ಸಾರಿಗೆ ಅದ್ದುವಷ್ಟರಲ್ಲಿ ಕಂಪನಿ ಬಸ್ಸಿನ ಹಾರ್ನು. ಹನ್ನೊಂದು ವರ್ಷ ಹಾರ್ನಿಗೆ ಎದ್ದರು. ಆಮೇಲೆ ಕೇಟರಿಂಗು, ಕೊನೆಗೆ ನಮ್ಮ ಈ ರೆಸ್ಟೋರೆಂಟು. ಇಲ್ಲಿ ಹಾರ್ನಿಲ್ಲ, ಗಂಟೆಯಿಲ್ಲ, ಮ್ಯಾನೇಜರ್ ಮಧುಸೂದನ್ ಚಿಟಿಕೆ ಹೊಡೆಯುತ್ತಾನೆ.

“ನನ್ನ ಒಂದು ಆಸೆ ಉಂಟು ಬಾಯಮ್ಮ, ನಗ್ಬಾರ್ದು,” ಎಂದರು ಒಂದು ದಿನ, ಮುಚ್ಚಳದಿಂದ ಅನ್ನ ಬಾಚುತ್ತ. “ಕುವೈತ್ ಬಿಡುವ ಮುಂಚೆ ಇಲ್ಲಿ ಒಂದು ಮೇಜಲ್ಲಿ ಕೂತು ಉಣ್ಬೇಕು. ಹೊಟ್ಟೆ ತುಂಬಿದ ಮೇಲೂ ಸ್ವಲ್ಪ ಕೂರ್ಬೇಕು. ಮತ್ತೆ ನಾನಾಗಿ ಏಳ್ಬೇಕು.”

“ಊರಿಗೆ ರಜೆಗೆ ಹೋದಾಗ ವಾರಿಜಕ್ಕ ಬಡಿಸುದಿಲ್ವಾ ನಿಮಗೆ? ಅಲ್ಲಿ ಯಾರು ಎಬ್ಬಿಸ್ತಾರೆ?” ಎಂದು ಅವರ ಹೆಂಡತಿಯ ಮಾತೆತ್ತಿದೆ.

“ಮನೆದು ಬೇರೆ. ಅಲ್ಲಿ ಏಳು ಹೇಳುವವರೇ ಇಲ್ಲ, ಅದ್ರಲ್ಲಿ ಎಂತ ಉಂಟು? ಏಳು ಹೇಳ್ಲಿಕ್ಕೆ ಅಧಿಕಾರ ಇರುವವನು ಎದುರಿಗೆ ನಿಂತಿರ್ಬೇಕು. ಅವನು ಹೇಳ್ಬಾರ್ದು.”

ನಾನು ನಗಲಿಲ್ಲ. ಮಾರ್ಚಿಗೆ ಅವರಿಗೆ ಅರವತ್ತು ತುಂಬುವುದಿತ್ತು, ಅರವತ್ತಾದವರ ಇಕಾಮಾವನ್ನು ನಮ್ಮ ಕಂಪನಿ ಮುಂದುವರಿಸುವುದಿಲ್ಲ. ಮಧುಸೂದನ್ ಬಳಿ ನಾನೇ ಹೋಗಿ ಕೇಳಿದೆ. ಅವನಿಗೆ ಮೂವತ್ತೆಂಟು ವರ್ಷ, ಪುತ್ತೂರಿನವನು, ಎರಡು ಹೊತ್ತು ಸೆಂಟು ಹೊಡೆದುಕೊಳ್ಳುವವನು. “ಓಕೆ, ಸ್ವೀಟ್! ಫೇರ್‌ವೆಲ್ ಲಂಚ್ ಮಾಡುವ. ನಮ್ಮ ಪೇಜಿಗೆ ಒಳ್ಳೆ ಕಂಟೆಂಟ್,” ಎಂದ. ಕಂಟೆಂಟೋ ಕರ್ಮವೋ, ಒಪ್ಪಿದನಲ್ಲ ಎಂದು ನನಗೆ ಸಮಾಧಾನ. ತನಿಯಣ್ಣ ಆವತ್ತೇ ಫಹಾಹೀಲ್ ಪೇಟೆಗೆ ಹೋಗಿ ತಿಳಿನೀಲಿ ಬಣ್ಣದ ಅಂಗಿ ತಂದಿಟ್ಟುಕೊಂಡರು.

ಇದು ಅಕ್ಟೋಬರಿನ ಮಾತು. ನವೆಂಬರಿನಲ್ಲಿ ಕ್ರಿಸ್ಟಿನಾ ಬಂದಳು.

ಕ್ರಿಸ್ಟಿನಾ ಸ್ಪೇನಿನವಳು, ಇಲ್ಲಿಯ ಒಂದು ಶಾಲೆಯಲ್ಲಿ ಟೀಚರು, ಐವತ್ತು ದಾಟಿದ ಹೆಂಗಸು. ಭಾನುವಾರ ಮಧ್ಯಾಹ್ನ ಒಬ್ಬಳೇ ಬಂದು ಕೂತಳು. ತನಿಯಣ್ಣ ಸೂಪು ತಂದಿಟ್ಟು, ತಮ್ಮ ಹೋಟೆಲ್ ಇಂಗ್ಲಿಷಿನಲ್ಲಿ ರಾಜನನ್ನು ಯುದ್ಧದಿಂದ ಕರೆತಂದು, ಮೂರು ರಾತ್ರಿ ಕೂರಿಸಿ, ಸೋಬ್ರೆಮೇಸಾ ಎಂದು ಮುಗಿಸಿದರು. ಅವಳು ಚಮಚ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇವರ ಮುಖ ಸಣ್ಣದಾದದ್ದು ನೋಡಿ ತಟ್ಟನೆ ನಗು ನಿಲ್ಲಿಸಿ, ಕ್ಷಮಿಸಿ, ನಿಮ್ಮನ್ನಲ್ಲ, ಆ ಗೋಡೆಯನ್ನು ನೋಡಿ ನಕ್ಕೆ ಎಂದಳು. ನಾನು ಟ್ಯಾಬ್ ಹಿಡಿದು ಹತ್ತಿರವೇ ನಿಂತಿದ್ದೆ.

ಅವಳು ಹೇಳಿದ್ದು ಇಷ್ಟು. ಸೋಬ್ರೆ ಎಂದರೆ ಮೇಲೆ, ಮೇಸಾ ಎಂದರೆ ಮೇಜು. ಎರಡು ಸಾದಾ ಪದ ಸೇರಿ ಒಂದಾದದ್ದು, ಯಾವ ರಾಜನೂ ಬೇಕಾಗಿಲ್ಲ. ಹಿಂದೆ ಅದು ಒಂದು ಬಟ್ಟೆಯ ಹೆಸರಾಗಿತ್ತು. ಚಂದಕ್ಕೆಂದು ಮೇಜಿನ ಮೇಲೆ ಹಾಸುವ ಜಮಖಾನದಂಥ ಬಟ್ಟೆ. ಅವರ ನಿಘಂಟಿನಲ್ಲಿ ಆ ಅರ್ಥ ಇವತ್ತಿಗೂ ಇದೆ. ಬಟ್ಟೆಯ ಹೆಸರು ಹೊತ್ತಿಗೆ ಹೇಗೆ ಬಂತು ಎಂದು ಯಾರೂ ನಿಂತು ನೋಡಿ ಬರೆದಿಟ್ಟಿಲ್ಲ. ಆದರೆ ಆಗಿನ ಕಾಲದಲ್ಲಿ ಊಟ ಮುಗಿದ ಮೇಲೆ ಉಣ್ಣುವಾಗ ಹಾಸಿದ ಬಟ್ಟೆಯನ್ನು ತೆಗೆಯುತ್ತಿದ್ದರು, ಕೂತವರು ಮಾತ್ರ ಏಳುತ್ತಿರಲಿಲ್ಲ, ಮೇಜಿನ ಮೇಲೆಯೇ ಮಾತು ಮುಂದುವರಿಯುತ್ತಿತ್ತು. ಅಲ್ಲಿಂದ ಬಂದಿರಬೇಕು ಎಂದು ತನಗನಿಸುತ್ತದೆ ಎಂದಳು.

ಮೇಸಾ ನನಗೆ ಹೊಸತಲ್ಲ. ನಮ್ಮ ಕೊಂಕಣಿಯ ಮೇಜ್ ಪೋರ್ಚುಗೀಸರಿಂದ ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದರು. ನಾನು ಅಷ್ಟಕ್ಕೇ ಬಿಟ್ಟೆ, ತನಿಯಣ್ಣ ಬಿಡಲಿಲ್ಲ.

“ಕೂತಿರುವಾಗ್ಲೇ ಎದುರಿನ ಬಟ್ಟೆ ಎಳಿತಿದ್ರಾ? ಅವಮಾನ ಅಲ್ವಾ ಅದು? ಕೇಳಿ ಬಾಯಮ್ಮ ಅವ್ರನ್ನು.”

ಕೇಳಿದೆ. ಕ್ರಿಸ್ಟಿನಾ ತಲೆ ಅಲ್ಲಾಡಿಸಿದಳು. ಬಟ್ಟೆ ತೆಗೆಯುತ್ತಿದ್ದದ್ದು ಜನರನ್ನು ಕಳಿಸಲಿಕ್ಕಲ್ಲ, ಬಡಿಸುವ ಕೆಲಸ ಮುಗಿಯಿತು, ಇನ್ನು ಆರಾಮಾಗಿ ಕೂತಿರಿ ಎನ್ನಲಿಕ್ಕೆ ಎಂದಳು. ತನಿಯಣ್ಣ ಅದನ್ನು ಕೇಳಿ, ಬರಿಮೇಜಿನ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿದರು.

“ನೋಡಿ ಬಾಯಮ್ಮ,” ಎಂದರು ಆಮೇಲೆ, “ಎಲ್ಲ ಎತ್ತಿದ ಮೇಲೂ ಕೂತ್ಕೊಳ್ಳಿ ಹೇಳುವ ಜನ ಉಂಟಲ್ಲ ಭೂಮಿ ಮೇಲೆ.”

ಮರುದಿನದಿಂದ ಅವರ ಮೇಜುಗಳಲ್ಲಿ ರಾಜ ಸತ್ತ. ಪ್ರತಿಯೊಬ್ಬರಿಗೂ ಬಟ್ಟೆಯ ಕಥೆ. ಸೋಬ್ರೆ, ಮೇಸಾ, ಎರಡು ಪದ, ಒಂದು ಬಟ್ಟೆ, ಬಟ್ಟೆ ತೆಗೆದರೂ ಏಳದ ಜನ. ಕೊನೆಗೆ ಎದೆಯ ಮೇಲೆ ಕೈ ಇಟ್ಟು ‘ಸೋ ಯು ಪ್ಲೀಸ್ ಸಿಟ್’ ಎಂದು ಸೇರಿಸುತ್ತಿದ್ದರು. ಜನ ಕೂತರು ಮಾರಾಯ್ರೇ! ರಾಜನ ಕಥೆ ಕೇಳಿ ಫೋಟೋ ತೆಗೆದು ಏಳುತ್ತಿದ್ದವರು ಈ ಕಥೆ ಕೇಳಿ ಕೂತರು. ಒಬ್ಬ ಮುದುಕ ಕುವೈತಿ ತನ್ನ ಮೊಮ್ಮಗಳಿಗೆ ಎರಡು ಗಂಟೆ ಏನೋ ಹೇಳುತ್ತ ಕೂತಿದ್ದ. ನನ್ನ ಟ್ಯಾಬಿನಲ್ಲಿ ತನಿಯಣ್ಣನ ನಾಲ್ಕೂ ಮೇಜು ಕೆಂಪು, ಬಾಗಿಲಲ್ಲಿ ಸಾಲು.

ಮಧುಸೂದನನಿಗೆ ಗೊತ್ತಾಗಲು ನಾಲ್ಕು ದಿನ ಸಾಕಾಯಿತು. ಕಿಚನ್ನಿನ ಪಕ್ಕದ ಓಣಿಗೆ ಕರೆದ, ನನ್ನನ್ನೂ ನಿಲ್ಲಿಸಿಕೊಂಡ.

“ತನಿಯಪ್ಪ, ವಾಟ್ ಈಸ್ ದಿಸ್? ಬಟ್ಟೆ ಗಿಟ್ಟೆ ಎಂತ ಕಥೆ? ಯಾರು ಹೇಳಿದ್ದು?”

“ನಿಜವಾದ್ದು ಸರ್ ಅದು. ಆ ದೇಶದವ್ರೇ ಹೇಳಿದ್ರು.”

“ನಿಜ ಯಾರಿಗೆ ಬೇಕು? ಗೋಡೆಯಲ್ಲಿ ಎಂತ ಉಂಟೋ ಅದು ಹೇಳಿ. ಇವತ್ತಿಂದ ಒಂದು ವಾರ ಪಾತ್ರೆ ಕೋಣೆ. ಮತ್ತೆ ಬಟ್ಟೆ ಕಥೆ ಕೇಳಿದ್ರೆ ಫೇರ್‌ವೆಲ್ ಇಲ್ಲ, ಖಲಾಸ್.”

ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಇವನು ಕೈ ಹಾಕಿದ್ದು ಆ ಒಂದು ಊಟಕ್ಕೆ. ನಾನು ಟ್ಯಾಬ್ ನೋಡುತ್ತ ನಿಂತೆ.

ಒಂದು ವಾರ ತನಿಯಣ್ಣ ಪಾತ್ರೆ ಕೋಣೆಯಲ್ಲಿ ಎಂಜಲು ಕೆರೆದರು. ಅಲ್ಲಿ ಬಂದು ಬೀಳುವುದನ್ನು ನೀವು ನೋಡಬೇಕು. ಮುಟ್ಟದ ಮೀನು, ಒಂದೇ ಕಡೆ ಕಚ್ಚಿದ ಮಾಂಸ, ಫೋಟೋಕ್ಕೆ ಚಂದ ಎಂದು ತರಿಸಿ ಬಿಟ್ಟ ಅನ್ನ, ಅದರಲ್ಲಿ ಅದ್ದಿ ಆರಿಸಿದ ಸಿಗರೇಟು, ಮಡಚಿ ತುರುಕಿದ ಮಗುವಿನ ಡೈಪರ್. ಎಲ್ಲ ಒಂದೇ ಕಪ್ಪು ಚೀಲಕ್ಕೆ. ಚೀಲ ಒಡೆದು ರಸ ಕಾಲಿಗೆ ಹರಿಯುತ್ತದೆ. ಅದರ ಪಕ್ಕದಲ್ಲೇ ನಮ್ಮ ಒಂಬತ್ತು ನಿಮಿಷದ ಊಟ. ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡಿದರೂ ಆ ವಾಸನೆ ಮೂಗಿನಿಂದ ಹೋಗುವುದಿಲ್ಲ.

ವಾರ ಕಳೆದು ಹೊರಗೆ ಬಂದ ತನಿಯಣ್ಣ ಮತ್ತೆ ರಾಜನ ಕಥೆ ಹೇಳಲು ಶುರುಮಾಡಿದರು. ಮೊದಲಿನಷ್ಟೇ ಚಂದವಾಗಿ. ನಾನು ಮುಖ ನೋಡಿದರೆ ಬೇರೆ ಕಡೆ ತಿರುಗುತ್ತಿದ್ದರು. ಕ್ರಿಸ್ಟಿನಾ ಬಂದ ದಿನ ಅವಳ ಮೇಜಿಗೆ ಬೇರೆಯವರನ್ನು ಕಳಿಸಿದರು.

“ಎಂತಕ್ಕೆ ತನಿಯಣ್ಣ? ಅವ್ರಿಗೆ ಗೊತ್ತಿದ್ದದ್ದೇ ಅಲ್ವಾ?”

“ನಾಚಿಕೆ ಆಗ್ತದೆ ಬಾಯಮ್ಮ. ಇನ್ನು ಮೂರು ತಿಂಗಳು. ಒಂದು ಊಟಕ್ಕೆ ಸುಳ್ಳು ಹೇಳ್ತಾ ಇದ್ದೇನೆ.”

ಮಾರ್ಚ್ ಬಂತು. ಬುಧವಾರ, ಮಧ್ಯಾಹ್ನ ಮೂರೂವರೆ, ಗಿರಾಕಿ ಕಡಿಮೆ ಇರುವ ಹೊತ್ತು. ತನಿಯಣ್ಣ ತಿಳಿನೀಲಿ ಅಂಗಿ ಹಾಕಿಕೊಂಡು, ಯೂನಿಫಾರ್ಮ್ ಮಡಚಿ ನನ್ನ ಕೈಗೆ ಕೊಟ್ಟು, ನಾಲ್ಕನೇ ಮೇಜಿಗೆ ಬಂದು ಕೂತರು. ಕಿಟಕಿ ಪಕ್ಕದ ಮೇಜು. ನಾಲ್ಕು ವರ್ಷ ಬಡಿಸಿದ ಸಿಗಡಿ ಅನ್ನವನ್ನೇ ಕೇಳಿದರು. ಮೇಜು ತೆರೆಯದೆ ಕಿಚನ್ನಿಗೆ ಆರ್ಡರ್ ಹೋಗುವುದಿಲ್ಲ, ಹಾಗಾಗಿ ನಾನು ಟ್ಯಾಬಿನಲ್ಲಿ ನಾಲ್ಕನ್ನು ಒತ್ತಿದೆ. ಹಸಿರಾಯಿತು. ಗಡಿಯಾರ ಓಡಲು ಶುರುವಾಯಿತು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ಅನ್ನ ಬಂತು. ಉಣ್ಣಲು ಬಿಟ್ಟರೇ? ಫೋಟೋ. “ತನಿಯಪ್ಪ, ತುತ್ತು ಬಾಯಿಯ ಹತ್ತಿರ ಹಿಡೀರಿ. ಸ್ಮೈಲ್. ಇನ್ನೊಮ್ಮೆ. ಗೋಡೆಯ ಪದ ಬರ್ಲಿಲ್ಲ, ಸ್ವಲ್ಪ ಈಚೆ.” ಬಾಯಿ ತೆರೆದು, ಚಮಚ ಎತ್ತಿ, ನಕ್ಕು, ಮತ್ತೆ ತಟ್ಟೆಗೆ ಇಳಿಸಿ, ಮತ್ತೆ ಎತ್ತಿ. ಕೇಕು ಕತ್ತರಿಸಿದ್ದು, ಶಾಲು ಹೊದಿಸಿದ್ದು, ಶಾಲು ತೆಗೆದು ಮತ್ತೆ ಹೊದಿಸಿದ್ದು. ಅರ್ಧ ಗಂಟೆ ಹೀಗೆ ಮಂಗನಾಟ ಆಡಿಸಿದರು. ಎಲ್ಲ ಮುಗಿದು ಅವರು ನಿಜವಾಗಿ ತುತ್ತು ಬಾಯಿಗಿಟ್ಟಾಗ ಅನ್ನ ತಣ್ಣಗಾಗಿತ್ತು. ಆದರೂ ಉಂಡರು, ನಿಧಾನವಾಗಿ, ಒಂದೊಂದೇ ಅಗುಳು ಎಂಬಂತೆ. ದೊಡ್ಡ ಸಿಗಡಿ ಮೂರನ್ನು ಕೊನೆಗೆಂದು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಂಡರು. ಒಮ್ಮೆ ಬೆನ್ನನ್ನು ಕುರ್ಚಿಗೆ ಒರಗಿಸಿ ಕಿಟಕಿಯಾಚೆ ನೋಡಿದರು. ಆ ಮನುಷ್ಯ ಕುರ್ಚಿಗೆ ಒರಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಬಾಗಿಲಿಗೆ ಹದಿನಾಲ್ಕು ಜನರ ಒಂದು ಗುಂಪು ಬಂತು. ಹುಟ್ಟುಹಬ್ಬದ ಬಲೂನು, ದೊಡ್ಡ ಡಬ್ಬಿ. ಕಿಟಕಿ ಪಕ್ಕವೇ ಬೇಕು, ಮೇಜು ಜೋಡಿಸಿ ಕೊಡಿ ಎಂದರು. ಒಳಗಡೆ ಆರು, ಏಳು, ಎಂಟು ಖಾಲಿ ಇದ್ದವು. ನಾನು ಅಲ್ಲಿಗೆ ಕರೆದೊಯ್ಯಬಹುದಿತ್ತು, ಎರಡು ಮಾತಿನಲ್ಲಿ ಒಪ್ಪಿಸಬಹುದಿತ್ತು. ಮಧುಸೂದನ್ ಹತ್ತಿರ ಬಂದ.

“ಸಿಸಿಲಿಯಾ ಮೇಡಂ, ಫೋರ್ ರೆಡ್ ಆಗಿದೆ. ಯಲ್ಲಾ, ಬೇಗ.”

“ಅವ್ರು ಇನ್ನೂ ಉಣ್ತಾ ಇದ್ದಾರೆ ಸರ್.”

“ಫೋಟೋ ಆಯ್ತಲ್ಲ? ಖಲಾಸ್.” ಚಿಟಿಕೆ ಹೊಡೆದ.

ಐದು ಜನ ವೇಟರ್‌ಗಳಿದ್ದರು. ಒಬ್ಬ ನೀರಿನ ಜಗ್ಗು ನೋಡಿದ, ಒಬ್ಬಳು ಬೂಟು ನೋಡಿದಳು. ಒಬ್ಬರೂ ಕಾಲು ಕಿತ್ತಿಡಲಿಲ್ಲ. ಅವರಿಗಿದ್ದ ಮಾನ ನನಗಿರಲಿಲ್ಲ. ನಾನು ಹೋದೆ.

ದೇವರಾಣೆಗೂ ನಾನು ಹೋದದ್ದು ಬೇರೆ ಮಾತಾಡಲಿಕ್ಕೆ. ತನಿಯಣ್ಣ, ನೀವು ಏಳಬೇಡಿ, ಏನಾಗುತ್ತದೋ ಆಗಲಿ, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಲಿಕ್ಕೆ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದೆ. ಮೇಜಿನ ಹತ್ತಿರ ನಿಂತೆ. ಆರು ವರ್ಷ ಪಳಗಿದ ಕೈ ತಾನಾಗಿ ಮುಂದೆ ಹೋಯಿತು, ಮುಖ ನಕ್ಕಿತು, ಬಾಯಿ “ಮೇ ಐ?” ಎಂದಿತು. ಇಂಗ್ಲಿಷಿನಲ್ಲಿ! ತನಿಯಣ್ಣನಿಗೆ! ಅವರು ತಲೆ ಎತ್ತುವಷ್ಟರಲ್ಲಿ ತಟ್ಟೆ ನನ್ನ ಕೈಯಲ್ಲಿತ್ತು.

ಅವರು ತಟ್ಟೆ ನೋಡಿದರು. ಅರ್ಧ ಅನ್ನ, ಅಂಚಿನಲ್ಲಿ ಮೂರು ಸಿಗಡಿ. ನನ್ನ ಮುಖ ನೋಡಿದರು. ಬಾಗಿಲ ಕಡೆ ನೋಡಿದರು. ಬಾಯಿಯಲ್ಲಿದ್ದ ತುತ್ತನ್ನು ನುಂಗಿ, ಕರವಸ್ತ್ರ ಮಡಚಿಟ್ಟು ಎದ್ದು ನಿಂತರು.

“ತನಿಯಣ್ಣ, ನಾನು…”

“ಕೊಡಿ ಬಾಯಮ್ಮ,” ಎಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮಗೆ ಶಾಪ ತಟ್ಟುದು ಬೇಡ. ಮಕ್ಕಳುಮರಿ ಇರುವವರು. ನಾನೇ ಎತ್ತಿದ ಹಾಗೆ ಆಗ್ಲಿ.”

ಹೊಸ ಅಂಗಿಯಲ್ಲೇ ಪಾತ್ರೆ ಕೋಣೆಗೆ ನಡೆದರು. ಕಪ್ಪು ಚೀಲಕ್ಕೆ ಕೆರೆದ ಸದ್ದು ಹೊರಗೆ ಕೇಳಿತು, ಆಮೇಲೆ ನಲ್ಲಿಯ ಸದ್ದು. ಹಿಂದಿನ ಬಾಗಿಲಿಂದ ಹೋಗಿಬಿಟ್ಟರು. ಮರುದಿನ ಮಂಗಳೂರಿಗೆ ವಿಮಾನ. ಶಾಲು ಕುರ್ಚಿಯ ಮೇಲೆಯೇ ಇತ್ತು, ಮಧುಸೂದನ್ ಅದನ್ನು ಮಡಚಿ ಸ್ಟೋರಿಗೆ ಕಳಿಸಿದ.

ಮೂರು, ನಾಲ್ಕು, ಐದು ಜೋಡಿಸಿದೆವು. ಹದಿನಾಲ್ಕು ಜನ ಕೂತರು, ಬಲೂನು ಕಟ್ಟಿದರು. ಅದು ತನಿಯಣ್ಣನ ಮೇಜು, ಕಥೆ ಹೇಳುವವರು ಯಾರೂ ಇರಲಿಲ್ಲ. ನಾನೇ ಹೇಳಿದೆ. ಯುದ್ಧ ಗೆದ್ದ ರಾಜ, ದೊಡ್ಡ ಔತಣ, ಮೂರು ಹಗಲು ಮೂರು ರಾತ್ರಿ ಒಬ್ಬರನ್ನೂ ಯಾರೂ ಎಬ್ಬಿಸಲಿಲ್ಲ ಎಂದೆ. ಅವರು ಚಪ್ಪಾಳೆ ತಟ್ಟಿದರು. ನಾನು ನಕ್ಕು, ಟ್ಯಾಬಿನಲ್ಲಿ ನಾಲ್ಕನ್ನು ಒತ್ತಿದೆ.